ಹುಳದ ಮನೆಗೆ ಕಿಟಕಿ ಇದೆ, ಬಾಣಂತಿ ಕೋಣೆಗೆ ಇಲ್ಲ

ಅಮ್ಮಾ, ನನಗೆ 25 ವರ್ಷ. ತವರು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ, ಗಂಡನ ಮನೆ ಕೋಲಾರ. ಸಿಸೇರಿಯನ್ ಆಗಿ ಹೆಣ್ಣು ಮಗು ಹುಟ್ಟಿ ಇವತ್ತಿಗೆ 37 ದಿನ. ಬಾಣಂತನಕ್ಕೆ ಅಮ್ಮನ ಮನೇಲಿದ್ದೀನಿ. ಎಲ್ಲರೂ ಅತ್ತೆ ಕಾಟ ಅಂತ ಬರೀತಾರೆ, ನನಗೆ ಉಸಿರು ಕಟ್ಟಿರೋದು ಹೆತ್ತ ಅಮ್ಮನಿಂದ. ಕೋಣೆ ಕಿಟಕಿ ತೆಗೆಯೋ ಹಾಗಿಲ್ಲ, ಫ್ಯಾನ್ ಇಲ್ಲ, ತಲೆಗೆ ಬಟ್ಟೆ, ಕಿವಿಗೆ ಹತ್ತಿ. ದಿನಕ್ಕೆ ಎರಡು ಲೋಟ ಬಿಸಿನೀರು, ಅಷ್ಟೇ. ಅನ್ನ, ಮೆಣಸಿನ ಸಾರು, ಬೆಳ್ಳುಳ್ಳಿ. ಸಾಯಂಕಾಲ ಆರಾದ್ರೆ ಮಗು ಅಳೋಕೆ ಶುರು, ಒಂಬತ್ತರವರೆಗೂ ಎದೆ ಬಿಡಲ್ಲ. ‘ನಿನಗೆ ಹಾಲು ಸಾಲದು’ ಅಂತ ಅಮ್ಮ ಹಸುವಿನ ಹಾಲಿಗೆ ನೀರು ಬೆರೆಸಿ ಒಳಲೇಲಿ ಕುಡಿಸ್ತಾರೆ, ಬಜೆ ತೇಯ್ದು ನೆಕ್ಕಿಸ್ತಾರೆ. ಹುಟ್ಟಿದಾಗ 2 ಕೆಜಿ 700 ಇತ್ತು, 28ನೇ ದಿನ ಆಶಾ ಅಕ್ಕ ತೂಗಿದಾಗ 3 ಕೆಜಿ 300. ದಿನಕ್ಕೆ ಎಂಟು ಹತ್ತು ಬಟ್ಟೆ ಒದ್ದೆ ಮಾಡುತ್ತೆ.

ಮನೇಲಿ ಈಗ ರೇಷ್ಮೆ ಹುಳ ನಾಲ್ಕನೇ ಜ್ವರ (ಪೊರೆ ಬಿಡೋದು) ಮುಗಿಸಿ ಎದ್ದಿದೆ, ಅಮ್ಮ ಅಪ್ಪ ರಾತ್ರಿಯೆಲ್ಲ ಸೊಪ್ಪು ಹಾಕೋದ್ರಲ್ಲೇ ಇರ್ತಾರೆ. ನಾನೊಬ್ಬಳೇ ಮಗು ಜೊತೆ. ಮಗು ಮಲಗಿದ್ರೂ ನನಗೆ ನಿದ್ದೆ ಬರಲ್ಲ. ಸಂಜೆ ಆದ್ರೆ ಕಾರಣ ಇಲ್ಲದೆ ಅಳು. ನಿಜ ಹೇಳ್ಬೇಕು ಅಂದ್ರೆ ಮಗು ಮೇಲೆ ಪ್ರೀತಿ ಉಕ್ಕಿ ಬರ್ತಿಲ್ಲ, ಬೇರೆಯವರ ಮಗು ನೋಡ್ಕೊಳ್ತಿರೋ ಹಾಗಿದೆ. ಎಲ್ಲಾದ್ರೂ ಹೊರಟು ಹೋಗ್ಬಿಡಬೇಕು ಅನ್ಸುತ್ತೆ. ಅಮ್ಮ ಪಾಪ, ನನಗಿಂತ ಮುಂಚೆ ಒಂದು ಗಂಡು ಮಗು ಹುಟ್ಟಿ ಇಪ್ಪತ್ತು ದಿನಕ್ಕೆ ಶೀತ ಆಗಿ ಹೋಯ್ತಂತೆ. ಅತ್ತೆ ಅಂಗನವಾಡಿಯಲ್ಲಿ ಸಹಾಯಕಿ. ಫೋನಿನಲ್ಲಿ ‘ನೀರು ಕುಡಿಯಮ್ಮ, ಇಲ್ಲಿಗೇ ಬಂದ್ಬಿಡು’ ಅಂತಾರೆ. ಯಜಮಾನರು ನರಸಾಪುರದ ಕಂಪನೀಲಿ ಶಿಫ್ಟ್ ಕೆಲಸ, ಭಾನುವಾರ ಬಂದು ಹೋಗ್ತಾರೆ. ಐದು ತಿಂಗಳಿಗೆ ಮುಂಚೆ ಹೋದ್ರೆ ‘ತವರಲ್ಲಿ ಬಾಣಂತನ ಮಾಡೋಕೆ ಆಗ್ಲಿಲ್ಲ’ ಅಂತ ಊರೆಲ್ಲ ಆಡ್ಕೊಳ್ತಾರೆ, ಅಮ್ಮ ತಲೆ ಎತ್ತಲ್ಲ. ಹೋಗಲಾ, ಇರಲಾ?

— ಹೆಸರು ಬೇಡ

ಮಗಳೇ,

ನಿನ್ನ ಪತ್ರ ಓದಿದ ದಿನವೇ ನಾಲ್ಕು ಸಾಲು, ಒಂದು ನಂಬರು ಕಳಿಸಿದ್ದೆ. ಇದು ಉಳಿದ ಮಾತು. ಇದೇ ಕೋಣೆಯಲ್ಲಿ ಕೂತಿರುವ ಇನ್ನೂ ಕೆಲವರಿಗೆ ಬೇಕಾದೀತು ಎಂದು ನಿನ್ನ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ.

ನೀನು ಕೇಳಿದ್ದು ಹೋಗಲಾ, ಇರಲಾ ಅಂತ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು, ‘ಎಲ್ಲಾದ್ರೂ ಹೊರಟು ಹೋಗ್ಬಿಡಬೇಕು’ ಅಂದೆಯಲ್ಲ, ಎಲ್ಲಿಗೆ? ಕೋಲಾರಕ್ಕೋ, ಅಥವಾ ಯಾರಿಗೂ ಸಿಗದ ಜಾಗಕ್ಕೋ? ಎರಡನೆಯದು ಒಂದೇ ಒಂದು ಸಲ ಮನಸ್ಸಿಗೆ ಬಂದಿದ್ದರೂ, ನನಗೇನಾದರೂ ಮಾಡಿಕೊಳ್ಳಲಾ, ಮಗುವಿಗೇನಾದರೂ ಮಾಡಿಬಿಡುತ್ತೇನಾ ಎಂಬ ಯೋಚನೆ ಸುಳಿದಿದ್ದರೂ, ಯಾರೂ ಇಲ್ಲದ ಕಡೆ ಮಾತು ಕೇಳಿಸಿದ್ದರೂ, ಮುಂದಿನದನ್ನು ಓದುತ್ತಾ ಕೂರಬೇಡ. ಅಪ್ಪನನ್ನು ಕರೆ, ಮಗುವನ್ನು ಅವರ ಕೈಗೆ ಕೊಡು, ಈಗಲೇ ಆಸ್ಪತ್ರೆಗೆ ಹೊರಡು. 108ಕ್ಕೆ ಹೇಳಿದರೆ ಗಾಡಿ ಬರುತ್ತದೆ. ಹುಳ ಒಂದು ಹೊತ್ತು ಸೊಪ್ಪಿಲ್ಲದೆ ಇರಲಿ.

ಹಾಗೇನೂ ಇಲ್ಲ, ಬರೀ ಅಳು, ಬರೀ ಸುಸ್ತು ಅನ್ನುವುದಾದರೂ ನಾನು ಅದನ್ನು ಹಗುರ ಮಾಡುವುದಿಲ್ಲ. ಹೆರಿಗೆಯಾದ ಎರಡನೇ ಮೂರನೇ ದಿನಕ್ಕೆ ಬಾಣಂತಿಗೆ ಅಳು ಬರುವುದು ತೀರಾ ಸಾಮಾನ್ಯ. ಬಸುರಿಯಲ್ಲಿ ಏರಿದ್ದ ಹಾರ್ಮೋನು ಒಮ್ಮೆಗೇ ಇಳಿದಿರುತ್ತದೆ, ಎರಡು ವಾರದೊಳಗೆ ಅದು ತಾನಾಗಿಯೇ ಹೋಗುತ್ತದೆ. ನಿನಗೆ ಐದು ವಾರ ದಾಟಿದೆ. ಮಗು ಮಲಗಿದಾಗಲೂ ನಿದ್ದೆ ಇಲ್ಲ ಅಂತೀಯ. ಹೆರಿಗೆಯ ನಂತರದ ಖಿನ್ನತೆ ಹೀಗೂ ಇರುತ್ತದೆ. ಇದು ನಿನ್ನ ಗುಣದೋಷವಲ್ಲ, ದೃಷ್ಟಿಯೂ ಅಲ್ಲ, ಗಾಳಿಯೂ ಅಲ್ಲ. ವಾಸಿಯಾಗುವ ಕಾಯಿಲೆ. ಜೊತೆಗೆ ರಕ್ತ ಕಡಿಮೆಯಿದ್ದರೂ ಥೈರಾಯ್ಡ್ ಏರುಪೇರಾಗಿದ್ದರೂ ಇದೇ ಥರ ಆಗುವುದರಿಂದ ಒಂದು ರಕ್ತ ಪರೀಕ್ಷೆ ಆಗಲೇಬೇಕು. ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣಾಂಶದ ಮಾತ್ರೆ ನುಂಗುತ್ತಿದ್ದೀಯ ತಾನೆ? ಅದು ಹೆರಿಗೆಯ ನಂತರ 180 ದಿನ. ‘ಉಷ್ಣ ಆಗುತ್ತೆ’ ಅಂತ ಡಬ್ಬಿ ಅಟ್ಟಕ್ಕೆ ಹೋಗಿದ್ದರೆ ಇಳಿಸು.

ನಾನು ಕಳಿಸಿದ ನಂಬರು 14416, ಟೆಲಿ-ಮಾನಸ್, ಮನಸ್ಸಿನ ಕಷ್ಟ ಹೇಳಿಕೊಳ್ಳಲು ಇರುವ ಸರ್ಕಾರದ ಸಹಾಯವಾಣಿ. ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. ಸಂಜೆ ಆರಕ್ಕೆ ಅಳು ಶುರುವಾಗುವ ಮೊದಲೇ ಮಾಡು. ವೈದ್ಯರ ಹತ್ತಿರ ಹೋದಾಗ ಅವರು ನಿನಗೆ ಹತ್ತು ಪ್ರಶ್ನೆ ಕೇಳಬಹುದು. 1987ರಲ್ಲಿ ಎಡಿನ್‌ಬರೋದಲ್ಲಿ ಬಾಣಂತಿಯರಿಗೆಂದೇ ಮಾಡಿದ ಪಟ್ಟಿ ಅದು, ಕನ್ನಡದಲ್ಲೂ ಇದೆ. ಕಳೆದ ಏಳು ದಿನದಲ್ಲಿ ನಗು ಬಂತಾ, ಸುಮ್ಮಸುಮ್ಮನೆ ಹೆದರಿಕೆ ಆಯ್ತಾ, ಹೀಗೆ. ಹತ್ತನೆಯದು ನಾನು ಮೇಲೆ ಕೇಳಿದ್ದೇ, ನಿನಗೆ ನೀನೇ ಏನಾದರೂ ಮಾಡಿಕೊಳ್ಳುವ ಯೋಚನೆ ಬಂತಾ ಎಂಬ ಪ್ರಶ್ನೆ. ಅಮ್ಮ ಪಕ್ಕದಲ್ಲಿದ್ದಾರೆ ಅಂತ ಅದಕ್ಕೆ ಸುಳ್ಳು ಹೇಳಬೇಡ. ಅವರನ್ನು ಸ್ವಲ್ಪ ಹೊರಗೆ ಕೂರಿಸಿ ಅಂತ ಕೇಳಿದರೆ ವೈದ್ಯರು ಕೂರಿಸುತ್ತಾರೆ. ಮಾತ್ರೆ ಬೇಕಾದರೆ ಹಾಲುಣಿಸುತ್ತಲೇ ತೆಗೆದುಕೊಳ್ಳಬಹುದಾದವು ಇವೆ. ‘ಮಗುವನ್ನು ಕಿತ್ತುಕೊಂಡು ನನ್ನ ಒಬ್ಬಳನ್ನೇ ಹಾಕ್ತಾರೆ’ ಎಂದು ಹೆದರುವವರಿದ್ದಾರೆ. ತೀರಾ ಬೇಕಾದವರಿಗೆ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುವ ವಾರ್ಡು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದಲೇ ಇದೆ.

ಪ್ರೀತಿ ಉಕ್ಕಿ ಬರಲಿಲ್ಲ ಅಂದೆಯಲ್ಲ, ಹೊಟ್ಟೆ ಕೊಯ್ಸಿಕೊಂಡು, ನೀರಿಲ್ಲದೆ, ನಿದ್ದೆಯಿಲ್ಲದೆ ಇರುವವಳಿಗೆ ಯಾರ ಮೇಲೆ ತಾನೆ ಏನು ಉಕ್ಕೀತು? ಪ್ರೀತಿ ಇಲ್ಲದೆಯೂ ರಾತ್ರಿ ಎರಡಕ್ಕೆ ಎದ್ದು ಹಾಲು ಕೊಟ್ಟೆ, ಒದ್ದೆ ಬಟ್ಟೆ ಎಣಿಸಿ ನನಗೆ ಬರೆದೆ. ಮಗುವಿಗೆ ಸದ್ಯಕ್ಕೆ ಅಷ್ಟು ಸಾಕು.

ಹಾಲಿನ ವಿಷಯಕ್ಕೆ ನಿನ್ನ ಪತ್ರದಲ್ಲೇ ಉತ್ತರವಿದೆ. 28 ದಿನಕ್ಕೆ 600 ಗ್ರಾಂ. ಹುಟ್ಟಿದ ಮಗು ಮೊದಲ ದಿನಗಳಲ್ಲಿ ಸ್ವಲ್ಪ ತೂಕ ಇಳಿಯುತ್ತದೆ, ಎರಡನೇ ವಾರದ ಹೊತ್ತಿಗೆ ಹುಟ್ಟಿದ ತೂಕಕ್ಕೆ ಬರುತ್ತದೆ. ಅಲ್ಲಿಂದ ದಿನಕ್ಕೆ 20–30 ಗ್ರಾಂ ಏರಿದರೆ ಸರಿ. ನಿನ್ನ ಮಗಳು ಅದಕ್ಕಿಂತ ಮುಂದಿದ್ದಾಳೆ. ದಿನಕ್ಕೆ ಆರು ಬಟ್ಟೆ ಒದ್ದೆಯಾದರೂ ಹಾಲು ಸಾಕಾಗಿದೆ ಎಂದೇ ಲೆಕ್ಕ. ಮತ್ತೆ ಸಾಯಂಕಾಲದ ಅಳು? ಎರಡನೇ ವಾರದಿಂದ ಹೆಚ್ಚುತ್ತಾ ಆರನೇ ವಾರಕ್ಕೆ ಅದು ತುತ್ತತುದಿ ಮುಟ್ಟಿ ಆಮೇಲೆ ಇಳಿಯುತ್ತದೆ, ಹೊಟ್ಟೆ ತುಂಬಿದ ಮಕ್ಕಳೂ ಹೀಗೆಯೇ. ಎದೆ ಬಿಡದೆ ಚೀಪುವುದು ನಾಳೆಯ ಹಾಲಿಗೆ ಮುಂಗಡ ಕೊಟ್ಟ ಹಾಗೆ, ಚೀಪಿದಷ್ಟೂ ಹಾಲು ಊರುತ್ತದೆ. ಅಮ್ಮನಿಗೆ ಅವರ ಮಾತಲ್ಲೇ ಹೇಳು. ನಾಲ್ಕನೇ ಜ್ವರ ಎದ್ದ ಹುಳ ಹಗಲು ರಾತ್ರಿ ತಿನ್ನುತ್ತದೆ, ಇಡೀ ಬೆಳೆಯ ಸೊಪ್ಪಿನಲ್ಲಿ ಮುಕ್ಕಾಲಿಗೂ ಹೆಚ್ಚು ಪಾಲು ಆ ಒಂದು ವಾರದಲ್ಲೇ ಖಾಲಿ. ಆಗ ಅಮ್ಮ ‘ಸೊಪ್ಪಿನಲ್ಲಿ ಸತ್ವ ಇಲ್ಲ’ ಅಂತಾರಾ? ಬೆಳೀತಿದೆ ಅಂತಾರೆ.

ಒಳಲೆ ತೊಳೆದು ಮೇಲಿಡಿ. ನೀರು ಬೆರೆಸಿದ ಹಸುವಿನ ಹಾಲು, ಬಜೆ, ಜೇನು, ಸಕ್ಕರೆ ನೀರು ಯಾವುದೂ ಆರು ತಿಂಗಳವರೆಗೆ ಬೇಡ. ಜೇನು ಒಂದು ವರ್ಷ ಬೇಡ. ಒಳಲೆಯಲ್ಲಿ ಹೊಟ್ಟೆ ತುಂಬಿದ ಮಗು ಎದೆ ಚೀಪುವುದಿಲ್ಲ, ಚೀಪದಿದ್ದರೆ ಹಾಲು ಇಳಿಯುತ್ತದೆ, ಆಮೇಲೆ ‘ನಾನು ಹೇಳ್ಲಿಲ್ವಾ’ ಅನ್ನುವ ಮಾತು ನಿಜವಾಗಿಬಿಡುತ್ತದೆ. ನೀರಿನ ಬಗ್ಗೆ ನಿಮ್ಮ ಅತ್ತೆ ಹೇಳಿದ್ದೇ ಸರಿ. ಎದೆಹಾಲಿನಲ್ಲಿ ನೂರಕ್ಕೆ 87 ಭಾಗ ನೀರು. ಎರಡು ಲೋಟದಲ್ಲಿ ಅದು ಎಲ್ಲಿಂದ ಬರಬೇಕು? ಬಾಯಾರಿದಾಗಲೆಲ್ಲ ಕುಡಿ, ಬೆಚ್ಚಗೇ ಬೇಕೆಂದರೆ ಬೆಚ್ಚಗೆ ಕುಡಿ, ಅದಕ್ಕೆ ಜಗಳ ಬೇಡ. (ನನ್ನ ಬಾಣಂತನದಲ್ಲಿ ನಾನು ರಾತ್ರಿ ಬಚ್ಚಲಿಗೆ ಹೋಗಿ ಹಂಡೆಯ ನೀರನ್ನು ಚೊಂಬಿನಲ್ಲಿ ಕದ್ದು ಕುಡಿದವಳು. ಮೂವತ್ತು ವರ್ಷವಾಯಿತು, ಆ ಹೊಗೆವಾಸನೆಯ ನೀರಿನ ರುಚಿ ಇನ್ನೂ ನಾಲಿಗೆಯಲ್ಲಿದೆ.) ಮೆಣಸಿನ ಸಾರು, ಬೆಳ್ಳುಳ್ಳಿ, ಸಬ್ಬಸ್ಸಿಗೆ ಸೊಪ್ಪು ಎಲ್ಲ ಇರಲಿ, ಚೆನ್ನಾಗೇ ಇರುತ್ತವೆ. ಜೊತೆಗೆ ಬೇಳೆ, ಮೊಟ್ಟೆ, ತರಕಾರಿ, ಹಣ್ಣೂ ಬರಲಿ.

ಈಗ ಅಮ್ಮನ ವಿಷಯ. ನೀನು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋದ ಮಾತು, ನನಗೆ ಇಡೀ ಪತ್ರದಲ್ಲಿ ಅದೇ ದೊಡ್ಡದಾಗಿ ಕಂಡಿತು. ಇಪ್ಪತ್ತು ದಿನದ ಗಂಡು ಮಗು, ಶೀತ ಆಗಿ ಹೋಯ್ತು. ಆ ಕಿಟಕಿ ಮುಚ್ಚಿಸಿರುವುದು ಶಾಸ್ತ್ರವಲ್ಲ ಮಗಳೇ, ಆ ಇಪ್ಪತ್ತನೇ ದಿನ. ಹುಳದ ಮನೆಗೆ ಗಾಳಿ ಆಡದಿದ್ದರೆ ಹುಳಕ್ಕೆ ರೋಗ ಬೀಳುತ್ತದೆ ಎಂದು ನಿಮ್ಮಮ್ಮನಿಗೆ ನನಗಿಂತ ಚೆನ್ನಾಗಿ ಗೊತ್ತು, ಅಲ್ಲಿ ಕಿಟಕಿ ತೆಗೆಯುತ್ತಾರೆ. ನಿನ್ನ ಕೋಣೆಗೆ ಬಂದಾಗ ಆ ತಿಳಿವಳಿಕೆ ಹೊಸ್ತಿಲಲ್ಲೇ ನಿಂತುಬಿಡುತ್ತದೆ. ಹೆದರಿದವರ ಜೊತೆ ವಾದ ಮಾಡಿ ಗೆದ್ದವರಿಲ್ಲ. ಒಂದು ಮಧ್ಯಾಹ್ನ, ಸೊಪ್ಪು ಹಾಕಿ ಮುಗಿದ ಮೇಲೆ, ಕೂರಿಸಿ ಕೇಳು: ‘ಅಮ್ಮ, ಆ ಮಗು ಹೇಗಿತ್ತು? ಯಾರ ಥರ ಇತ್ತು?’ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಬಹುಶಃ ಯಾರೂ ಕೇಳಿರಲಾರರು.

ಮಗು ತಣ್ಣಗಾಗಬಾರದು ಎಂಬ ಅವರ ಭಯ ಸುಳ್ಳಲ್ಲ. ಆದರೆ ಬೆಚ್ಚಗಿಡಲು ಕಿಟಕಿ ಮುಚ್ಚಬೇಕಿಲ್ಲ. ಡೈಪರ್ ಒಂದನ್ನು ಬಿಟ್ಟು ಮಗುವಿನ ಬಟ್ಟೆ ತೆಗೆದು, ತಲೆಗೆ ಟೋಪಿ ಹಾಕಿ, ಚರ್ಮಕ್ಕೆ ಚರ್ಮ ತಾಗುವಂತೆ ಎದೆಯ ಮೇಲೆ ಮಲಗಿಸಿಕೊಂಡು ಮೇಲೆ ಸೀರೆ ಸುತ್ತಿಕೋ. ಕಾಂಗರೂ ಆರೈಕೆ ಎನ್ನುತ್ತಾರೆ, ತೂಕ ಕಡಿಮೆಯಿರುವ ಮಕ್ಕಳನ್ನೂ ಆಸ್ಪತ್ರೆಯಲ್ಲಿ ಹೀಗೇ ಬೆಚ್ಚಗಿಡುತ್ತಾರೆ. ಹಾಗೆ ಮಲಗಿಸಿಕೊಂಡಾಗ ನೀನು ಎಚ್ಚರವಾಗಿರಬೇಕು, ಕಣ್ಣು ಎಳೆದರೆ ಪಕ್ಕಕ್ಕೆ ಮಲಗಿಸು. ನೀನು ಮಲಗಿದಾಗ ಅಮ್ಮನೂ ಮಾಡಬಹುದು, ಮಾಡಲಿ. ನಿನ್ನ ಎದೆಗೂ ಆ ಕೂಸಿಗೂ ಪರಿಚಯ ಬೆಳೆಯುವುದಕ್ಕೆ ಇದಕ್ಕಿಂತ ಹತ್ತಿರದ ದಾರಿ ನನಗೆ ಗೊತ್ತಿಲ್ಲ. ಮತ್ತೆ, ಸಾಂಬ್ರಾಣಿಗೆ ಕೆಂಡ ತಂದು ಮುಚ್ಚಿದ ಕೋಣೆಯಲ್ಲಿ ಬಿಟ್ಟು ಹೋಗುವುದಾದರೆ ಅದನ್ನು ಮಾತ್ರ ಇವತ್ತೇ ನಿಲ್ಲಿಸಿ. ಕೆಂಡದಿಂದ ಬಣ್ಣ ವಾಸನೆ ಎರಡೂ ಇಲ್ಲದ ವಿಷಗಾಳಿ ಬರುತ್ತದೆ, ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ.

ಯಜಮಾನರಿಗೆ ಒಂದು ಮಾತು. ಅಪ್ಪಾ, ಭಾನುವಾರ ಬಂದು ಊಟ ಮಾಡಿ ಮಗುವಿನ ಫೋಟೊ ತೆಗೆದುಕೊಂಡು ಹೋಗುವವನಿಗೆ ನಮ್ಮ ಕಡೆ ನೆಂಟ ಅಂತಾರೆ. ನಾಲ್ಕು ದಿನ ರಜ ಹಾಕಿ ಬಾ. ರಾತ್ರಿ ಹತ್ತಕ್ಕೆ ಆಕೆ ಹಾಲು ಕೊಟ್ಟ ಮೇಲೆ ಮಗುವನ್ನು ಹೆಗಲಿಗೆ ಹಾಕಿಕೊಂಡು ತೇಗು ತೆಗೆಸಿ, ಬಟ್ಟೆ ಬದಲಾಯಿಸಿ, ಬೇರೆ ಕೋಣೆಯಲ್ಲಿ ಇಟ್ಟುಕೊಂಡಿರು. ಹಸಿವಾದಾಗ ತಂದುಕೊಡು, ಆದಮೇಲೆ ಮತ್ತೆ ಎತ್ತಿಕೊಂಡು ಹೋಗು. ಸೊಪ್ಪು ಹಾಕುವುದನ್ನೂ ಅಷ್ಟಿಷ್ಟು ಕಲಿತುಕೊ, ಅತ್ತೆಗೆ ಒಂದು ಗಂಟೆ ನಿದ್ದೆ ಸಿಗಲಿ.

ಹೋಗಲಾ, ಇರಲಾ? ಈಗ ಮುನಿಸಿಕೊಂಡು ಹೋಗಬೇಡ. ಐದು ತಿಂಗಳವರೆಗೆ ಇರಲೂ ಬೇಡ. ಮೂರನೇ ತಿಂಗಳಲ್ಲಿ ಕಳಿಸಿಕೊಡುವುದು ಎಷ್ಟೋ ಮನೆಗಳಲ್ಲಿ ಇರುವ ಪದ್ಧತಿಯೇ. ನಿನ್ನ ಮಗಳು ಮೂರನೇ ತಿಂಗಳಿಗೆ ಬೀಳಲು ಉಳಿದಿರುವುದು ಮೂರೇ ವಾರ. ಕೇಳುವುದು ನೀನಲ್ಲ, ನಿಮ್ಮ ಅತ್ತೆ ಬಂದು, ಬೀಗಿತ್ತಿಗೆ ಮರ್ಯಾದೆಯಾಗುವ ಹಾಗೆ, ‘ಮೂರನೇ ತಿಂಗಳಿಗೆ ಕಳಿಸಿಕೊಡಿ, ಮೊಮ್ಮಗಳನ್ನ ನೋಡೋ ಆಸೆ’ ಅಂತ ಕೇಳಲಿ. ಊರಿಗೂ ಉತ್ತರ ಸಿಕ್ಕಿತು. ಆದರೆ ವೈದ್ಯರು ‘ಈಗಲೇ ಜಾಗ ಬದಲಾಗಲಿ’ ಎಂದರೆ ತಿಂಗಳ ಲೆಕ್ಕ ಬಿಟ್ಟು ಹೊರಡು. ಆಡಿಕೊಳ್ಳುವವರು ರಾತ್ರಿ ಎರಡಕ್ಕೆ ಎದ್ದು ನಿನ್ನ ಮಗುವನ್ನು ಎತ್ತಿಕೊಳ್ಳುವುದಿಲ್ಲ.

ಕೊನೆಗೆ ಒಂದು ಉಪಾಯ. ಈ ವಾರ ಮಗುವಿಗೆ ಒಂದೂವರೆ ತಿಂಗಳ ಚುಚ್ಚುಮದ್ದು, 42ನೇ ದಿನ ಆಶಾ ಅಕ್ಕನೂ ಮನೆಗೆ ಬರಬೇಕು. ಇದಕ್ಕೆ ಯಾವ ಅಮ್ಮನೂ ಬೇಡ ಅನ್ನುವುದಿಲ್ಲ. ಆಶಾ ಅಕ್ಕನನ್ನೂ ಅಮ್ಮನನ್ನೂ ಕರೆದುಕೊಂಡು ಹೋಗು, ತಾಯಿ ಕಾರ್ಡ್ ಮರೆಯಬೇಡ. ಮಗುವಿನ ಇಂಜೆಕ್ಷನ್ ಆದಮೇಲೆ ‘ನನ್ನನ್ನೂ ನೋಡಿ ಡಾಕ್ಟ್ರೇ, ಐದು ವಾರದಿಂದ ನಿದ್ದೆ ಇಲ್ಲ, ಅಳು ನಿಲ್ತಿಲ್ಲ’ ಅಂತ ಇಷ್ಟೇ ಹೇಳು. ಬಾಯಿ ಬರದಿದ್ದರೆ ನನಗೆ ಬರೆದ ಪತ್ರವನ್ನೇ ಮೊಬೈಲಿನಲ್ಲಿ ತೆಗೆದು ತೋರಿಸು. ಹೊಲಿಗೆಯನ್ನೂ ನೋಡಿಸಿಕೋ. ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತುಕೋ, ಮಗು ಅಮ್ಮನ ಸೆರಗಿನೊಳಗೆ ಬೆಚ್ಚಗಿರಲಿ. ಡಾಕ್ಟ್ರು ಏನಂದರು ಅಂತ ಎರಡು ಸಾಲು ಬರಿ, ಕಾಯುತ್ತಿರುತ್ತೇನೆ.