ರೀನಲ್ ಡಿನರ್ವೇಶನ್ ಮಾಡಿಸಿದರೆ ಬಿಪಿ ಎಷ್ಟು ವರ್ಷ ಹತೋಟಿಯಲ್ಲಿರುತ್ತದೆ? ಮಾತ್ರೆ ಬಿಡಬಹುದೇ?

ನಿಮ್ಮ ತಂದೆಯವರು ನಾಲ್ಕು ಬಗೆಯ ಮಾತ್ರೆ ನುಂಗುತ್ತಿದ್ದಾರೆ, ಆದರೂ ಮೇಲಿನ ಬಿಪಿ 160ಕ್ಕಿಂತ ಕೆಳಗಿಳಿಯುತ್ತಿಲ್ಲ, ವೈದ್ಯರು ಕಿಡ್ನಿಯ ನರ ಸುಡುವ ಚಿಕಿತ್ಸೆಯ (ರೀನಲ್ ಡಿನರ್ವೇಶನ್) ಮಾತೆತ್ತಿದ್ದಾರೆ ಎಂದು ಬರೆದಿದ್ದೀರಿ. ಮಾತ್ರೆ ಬಿಡುವ ಆಸೆಯಿಂದ ಇದನ್ನು ಮಾಡಿಸಬೇಡಿ. ಹೆಚ್ಚಿನವರಿಗೆ ಮಾತ್ರೆ ಮುಂದುವರಿಯುತ್ತದೆ. ಮಾತ್ರೆಗೆ ಬಗ್ಗದ ಬಿಪಿಯನ್ನು ಇನ್ನಷ್ಟು ತಗ್ಗಿಸುವುದಷ್ಟೇ ಇದರ ಕೆಲಸ.

ತೊಡೆಸಂದಿನ ರಕ್ತನಾಳದಿಂದ ಕ್ಯಾಥೆಟರ್ ಎಂಬ ತೆಳು ಕೊಳವೆ ತೂರಿಸಿ ಎರಡೂ ಕಿಡ್ನಿಯ ರಕ್ತನಾಳಕ್ಕೆ ಒಯ್ಯುತ್ತಾರೆ. ಆ ನಾಳದ ಹೊರಗೋಡೆಯ ಸುತ್ತ ಹಬ್ಬಿರುವ, ಬಿಪಿ ಏರಿಸುವ ಸಿಂಪಥೆಟಿಕ್ ನರಗಳನ್ನು ಒಳಗಿನಿಂದಲೇ ಬಿಸಿ ಕೊಟ್ಟು ಸುಡುತ್ತಾರೆ. ಸ್ಪೈರಲ್ ಎಂಬ ಕ್ಯಾಥೆಟರಿನಲ್ಲಿ ಸುರುಳಿಯಾಗಿ 4 ಎಲೆಕ್ಟ್ರೋಡ್‌ಗಳಿದ್ದು, ಒಂದು ಸಲಕ್ಕೆ 60 ಸೆಕೆಂಡ್ ರೇಡಿಯೋ ತರಂಗ ಕೊಡುತ್ತದೆ. ಪ್ಯಾರಡೈಸ್ ಎಂಬ ಇನ್ನೊಂದು ಸಾಧನ ಅಲ್ಟ್ರಾಸೌಂಡಿನಿಂದ 7 ಸೆಕೆಂಡಿನಲ್ಲಿ ಸುಡುತ್ತದೆ. ಅದರ ಬಲೂನಿನಲ್ಲಿ ಹರಿಯುವ ತಣ್ಣೀರು ನಾಳದ ಒಳಪದರವನ್ನು ಕಾಪಾಡುತ್ತದೆ. ಸುಡುವಾಗ ನೋವಾಗುವುದರಿಂದ ಮಂಪರು ಬರಿಸುತ್ತಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಎರಡೂ ಸಾಧನಗಳಿಗೆ 2023ರ ನವೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು.

ಇನ್ನು ವರ್ಷಗಳ ಲೆಕ್ಕ. ಮೊದಲ ಅಧ್ಯಯನ ಸಿಂಪ್ಲಿಸಿಟಿ-1ರಲ್ಲಿ ಮೂರು ವರ್ಷಕ್ಕೆ ಮೇಲಿನ ಬಿಪಿ 32 ಪಾಯಿಂಟ್ ಇಳಿದಿತ್ತು. ಆದರೆ ಅಲ್ಲಿ ಹೋಲಿಸಿ ನೋಡಲು ಇನ್ನೊಂದು ಗುಂಪೇ ಇರಲಿಲ್ಲ, ಹಾಗಾಗಿ ಆ 32ನ್ನು ಯಾರಾದರೂ ತೋರಿಸಿದರೆ ನಂಬಿ ಕೂರಬೇಡಿ. 2014ರಲ್ಲಿ ಬಂದ ಸಿಂಪ್ಲಿಸಿಟಿ-3ರಲ್ಲಿ 535 ರೋಗಿಗಳಿದ್ದರು; ಕೆಲವರಿಗೆ ನರ ಸುಡದೆ ಚಿಕಿತ್ಸೆಯ ನಟನೆ ಮಾತ್ರ ಮಾಡಲಾಗಿತ್ತು. ಆರು ತಿಂಗಳಿಗೆ ಎರಡೂ ಗುಂಪಿನ ನಡುವೆ ಇದ್ದ ಅಂತರ ಬರೀ 2.4 ಪಾಯಿಂಟ್. ಇದಕ್ಕೆ ಹೇಳುವ ಕಾರಣಗಳಿವು: ಆಗಿನ ಕ್ಯಾಥೆಟರಿಗೆ ಒಂದೇ ಎಲೆಕ್ಟ್ರೋಡ್ ಇತ್ತು, ಮಾಡಿದ ಅನೇಕ ವೈದ್ಯರಿಗೆ ಕೈ ಪಳಗಿರಲಿಲ್ಲ, ನಾಳದ ಸುತ್ತಲೂ ಸರಿಯಾಗಿ ಸುಟ್ಟದ್ದು ಕೆಲವರಿಗೆ ಮಾತ್ರ.

ಅದೇ ಅಧ್ಯಯನದ ಮೂರು ವರ್ಷದ ಫಲಿತಾಂಶ 2022ರಲ್ಲಿ ಬಂದಾಗ ನರ ಸುಟ್ಟವರಲ್ಲಿ 26.4, ಉಳಿದವರಲ್ಲಿ 5.7 ಪಾಯಿಂಟ್ ಇಳಿಕೆ ಕಂಡಿತ್ತು. ಇದನ್ನು ಓದುವಾಗ ಒಂದು ವಿಷಯ ನೆನಪಿರಲಿ: ಆರು ತಿಂಗಳಾದ ಮೇಲೆ ಯಾರಿಗೆ ಏನು ಮಾಡಿದ್ದೆಂದು ಎಲ್ಲರಿಗೂ ತಿಳಿದಿತ್ತು, ನಟನೆಯ ಗುಂಪಿನ ಹಲವರು ಆಮೇಲೆ ನಿಜವಾಗಿಯೇ ನರ ಸುಡಿಸಿಕೊಂಡಿದ್ದರು. ನನಗೆ ಹೆಚ್ಚು ಭರವಸೆ ಕೊಡುವುದು ಸ್ಪೈರಲ್ ಆನ್-ಮೆಡ್ ಎಂಬ ಅಧ್ಯಯನ. 80 ರೋಗಿಗಳ ಚಿಕ್ಕ ಅಧ್ಯಯನವಾದರೂ, ಮೂರು ವರ್ಷಕ್ಕೆ 24 ಗಂಟೆಯ ಸರಾಸರಿಯಲ್ಲಿ ನರ ಸುಟ್ಟವರಲ್ಲಿ 18.7, ಉಳಿದವರಲ್ಲಿ 8.6 ಪಾಯಿಂಟ್ ಇಳಿಕೆ, ಅಂದರೆ ಸುಮಾರು 10 ಪಾಯಿಂಟಿನ ಅಂತರ ಉಳಿದಿತ್ತು. ಸುಟ್ಟ ನರ ಮತ್ತೆ ಚಿಗುರಿ ಬಿಪಿ ಹಿಂದಿನ ಮಟ್ಟಕ್ಕೇ ಮರಳುತ್ತದೆಂಬ ಭಯವಿತ್ತು. ಮೂರು ವರ್ಷದೊಳಗೆ ಹಾಗಾದ ಲಕ್ಷಣವಿಲ್ಲ. ಆದರೆ ಇದರಿಂದ ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾಗುತ್ತವೆಂದು ನೇರವಾಗಿ ಸಾಬೀತು ಮಾಡಿದ ಅಧ್ಯಯನ ಇನ್ನೂ ಬಂದಿಲ್ಲ.

ತೊಂದರೆಗಳೂ ಇವೆ. ಸೂಜಿ ಚುಚ್ಚಿದ ಕಡೆ ರಕ್ತ ಹೆಪ್ಪುಗಟ್ಟಿ ಊದಿಕೊಳ್ಳಬಹುದು, ಚಿತ್ರ ತೆಗೆಯಲು ಬಿಡುವ ಡೈ ಕಿಡ್ನಿಗೆ ಹೊರೆಯಾಗಬಹುದು. ಕಿಡ್ನಿಯ ನಾಳ ಕಿರಿದಾಗಿ ಸ್ಟೆಂಟ್ ಹಾಕಬೇಕಾಗುವುದು ವರ್ಷಕ್ಕೆ ಸಾವಿರದಲ್ಲಿ ಸುಮಾರು ಇಬ್ಬರಿಗೆ. ಇವೆಲ್ಲಕ್ಕಿಂತ ಹೆಚ್ಚಾಗಿ ಆಗುವ ನಿರಾಸೆ ಬೇರೆ: ಸುಮಾರು ಮೂವರಲ್ಲಿ ಒಬ್ಬರಿಗೆ ಹೇಳಿಕೊಳ್ಳುವಂಥ ಇಳಿಕೆಯೇ ಕಾಣುವುದಿಲ್ಲ. ನರ ಪೂರ್ತಿ ಸುಟ್ಟಿತೋ ಇಲ್ಲವೋ ಎಂದು ಮೇಜಿನ ಮೇಲೆ ಇರುವಾಗಲೇ ಹೇಳುವ ನಂಬುವಂಥ ಪರೀಕ್ಷೆಯೂ ಇಲ್ಲ.

ಆದ್ದರಿಂದ ಒಪ್ಪುವ ಮೊದಲು ಇಷ್ಟನ್ನು ಪಟ್ಟು ಹಿಡಿದು ಮಾಡಿಸಿ. ತೋಳಿನ ಅಳತೆಗೆ ತಕ್ಕ ಪಟ್ಟಿ ಕಟ್ಟಿ 24 ಗಂಟೆಯ ಬಿಪಿ ದಾಖಲಿಸಲಿ. ಆಸ್ಪತ್ರೆಯಲ್ಲಿ ಮಾತ್ರ ಏರುವ ಬಿಪಿಗೆ ನರ ಸುಡಬೇಕಿಲ್ಲ. ಮಾತ್ರೆ ನಿಜಕ್ಕೂ ದಿನಾ ಹೊಟ್ಟೆ ಸೇರುತ್ತಿದೆಯೇ ಎಂದು ಖಾಲಿ ಸ್ಟ್ರಿಪ್ ಎಣಿಸಿ ನೋಡಿ. ತಂದೆಯವರಿಗೆ ಬೇಸರವಾಗದಂತೆ ಕೇಳಿ, ಯಾಕೆಂದರೆ ಮಾತ್ರೆ ತಪ್ಪುವುದೇ ಬಹಳ ಸಲ ನಿಜವಾದ ಕಾರಣ. ಮಂಡಿನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೇನ್, ಕೆಮ್ಮಿಗೆ ಜ್ಯೇಷ್ಠಮಧು ಕಷಾಯ, ಊಟಕ್ಕೆ ಉಪ್ಪಿನಕಾಯಿ, ಹಪ್ಪಳ, ಇವೆಲ್ಲ ಬಿಪಿ ಏರಿಸುತ್ತವೆ. ಉಪ್ಪು ದಿನಕ್ಕೆ ಒಟ್ಟು 5 ಗ್ರಾಂ ಒಳಗಿರಲಿ. ಜೋರು ಗೊರಕೆಯಿದ್ದರೆ ಸ್ಲೀಪ್ ಅಪ್ನಿಯಾ (ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವುದು) ಪರೀಕ್ಷೆಯೂ, ಬಿಪಿ ಏರಿಸುವ ಅಲ್ಡೋಸ್ಟಿರೋನ್ ಮತ್ತು ರೆನಿನ್‌ಗಳ ರಕ್ತ ಪರೀಕ್ಷೆಯೂ ಆಗಲಿ.

ನಾಲ್ಕು ಮಾತ್ರೆಗಳಲ್ಲಿ ಸ್ಪಿರೊನೊಲ್ಯಾಕ್ಟೋನ್ ಇದೆಯೇ? ಇಲ್ಲದಿದ್ದರೆ ಮೊದಲು ಅದರ ಬಗ್ಗೆ ವೈದ್ಯರನ್ನು ಕೇಳಿ. ಮೂರು ಮಾತ್ರೆಗೂ ಬಗ್ಗದ ಬಿಪಿಗೆ 25ರಿಂದ 50 ಮಿಲಿಗ್ರಾಂ ಕೊಟ್ಟು ನೋಡಿದ 2015ರ ಪಾತ್‌ವೇ-2 ಅಧ್ಯಯನದಲ್ಲಿ ಅದೇ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿತ್ತು. ಪೊಟ್ಯಾಸಿಯಂ ಏರಬಹುದು, ಹಾಗಾಗಿ ಶುರು ಮಾಡಿದ ಕೆಲವೇ ವಾರಗಳಲ್ಲಿ ರಕ್ತ ಪರೀಕ್ಷೆ ತಪ್ಪಿಸಬಾರದು. ಗಂಡಸರಿಗೆ ಸ್ತನದಲ್ಲಿ ನೋವು, ಊತ ಬಂದರೆ ಎಪ್ಲೆರಿನೋನ್‌ಗೆ ಬದಲಾಯಿಸಬಹುದು.

ಇಷ್ಟಾದರೂ ಬಿಪಿ ಇಳಿಯದೆ, ಕಿಡ್ನಿಯ ಇಜಿಎಫ್‌ಆರ್ (ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತದೆ ಎಂಬ ಅಳತೆ) 40ಕ್ಕಿಂತ ಮೇಲಿದ್ದು, ಸಿಟಿ ಸ್ಕ್ಯಾನಿನಲ್ಲಿ ನಾಳಗಳು ಸರಿಯಾಗಿ ಕಂಡರೆ ಮಾಡಿಸುವುದು ಯೋಗ್ಯ ಎಂಬುದು ನನ್ನ ಅಭಿಪ್ರಾಯ. ಮಾಡುವ ವೈದ್ಯರು ಈವರೆಗೆ ಎಷ್ಟು ಜನರಿಗೆ ಮಾಡಿದ್ದಾರೆ, ಯಾವ ಸಾಧನ ಬಳಸುತ್ತಾರೆ, ರೇಡಿಯೋ ತರಂಗವಾದರೆ ಕವಲು ನಾಳಗಳಲ್ಲೂ ಸುಡುತ್ತಾರೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಮರುದಿನವೇ ಬಿಪಿ ಇಳಿಯಲಿಲ್ಲವೆಂದು ಗಾಬರಿಯಾಗಬೇಡಿ, ಇಳಿಕೆ ವಾರಗಳಲ್ಲಿ ಮೆಲ್ಲಗೆ ಬರುತ್ತದೆ. ಮೂರು ತಿಂಗಳಿಗೆ ಇನ್ನೊಮ್ಮೆ 24 ಗಂಟೆಯ ದಾಖಲೆ ತೆಗೆಸಿ ಹಳೆಯದರ ಪಕ್ಕದಲ್ಲಿಟ್ಟು ನೋಡಿ. ಅಲ್ಲಿಯವರೆಗೆ ಒಂದು ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ. ಚೆನ್ನಾಗಿ ಇಳಿದಿದ್ದ ಬಿಪಿ ಮುಂದೆಂದಾದರೂ ದಿಢೀರನೆ ಏರಿದರೆ ಅಥವಾ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ಕಸ) ಹೆಚ್ಚಾದರೆ, ಕಿಡ್ನಿಯ ನಾಳ ಕಿರಿದಾಗಿದೆಯೇ ಎಂದು ಡಾಪ್ಲರ್ ಸ್ಕ್ಯಾನ್ ಮಾಡಿಸಬೇಕು.