ಜಾಲತಾಣದಲ್ಲಿ ದರ ಹಾಕಬೇಕೇ? ಛಾಯಾಗ್ರಾಹಕರೊಬ್ಬರ ಪ್ರಶ್ನೆ

ಪ್ರಶ್ನೆ: ಮದುವೆ ಮತ್ತು ಕುಟುಂಬದ ಭಾವಚಿತ್ರಗಳನ್ನು ತೆಗೆಯುವುದು ನನ್ನ ವೃತ್ತಿ. ಈಚೆಗೆ ಕಂಪನಿಗಳ ಉತ್ಪನ್ನಗಳ ಫೋಟೊ ಕೆಲಸವೂ ಬರುತ್ತಿದೆ. ಹೊಸ ಜಾಲತಾಣದಲ್ಲಿ ದರ ಹಾಕಿದರೆ ಗ್ರಾಹಕರು ಹಿಂದೆ ಸರಿಯುತ್ತಾರೆ, ಇತರ ಛಾಯಾಗ್ರಾಹಕರು ಅದನ್ನು ನೋಡಿಕೊಂಡು ಕಡಿಮೆ ಹೇಳುತ್ತಾರೆ ಎಂದು ಸ್ನೇಹಿತರು ಎಚ್ಚರಿಸುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಮದುವೆ ಮತ್ತು ಭಾವಚಿತ್ರದ ಕೆಲಸಕ್ಕೆ ದರ ಹಾಕಿ, ಉತ್ಪನ್ನಗಳ ಕೆಲಸಕ್ಕೆ ಹಾಕಬೇಡಿ. ಕ್ಯಾಮೆರಾ ಒಂದೇ ಆದರೂ ಇವೆರಡರ ಲೆಕ್ಕಾಚಾರ ಬೇರೆ.

ಮದುವೆಗೆ ಛಾಯಾಗ್ರಾಹಕರನ್ನು ಹುಡುಕುವವರಲ್ಲಿ ಹೆಚ್ಚಿನವರಿಗೆ ಇದು ಮೊದಲ ಅನುಭವ. ದಿನದ ಕೆಲಸವೆಲ್ಲ ಮುಗಿದ ಮೇಲೆ ಮೊಬೈಲ್ ಹಿಡಿದು ಒಂದೊಂದೇ ಜಾಲತಾಣವನ್ನು ತೆರೆಯುತ್ತಾರೆ, ಚಿತ್ರಗಳು ಹಿಡಿಸಿದರೆ ಮರುಕ್ಷಣವೇ ದರಕ್ಕಾಗಿ ಹುಡುಕುತ್ತಾರೆ, ಅದು ಸಿಗದಿದ್ದರೆ ‘ಇದು ನಮ್ಮ ಕೈಗೆಟುಕುವುದಲ್ಲ’ ಎಂದು ತಾವೇ ತೀರ್ಮಾನಿಸಿ, ಕೇಳುವುದಕ್ಕೂ ಸಂಕೋಚಪಟ್ಟು ಮುಂದೆ ಹೋಗುತ್ತಾರೆ. ಹೀಗೆ ಹೋದವರು ಎಷ್ಟು ಮಂದಿ ಎಂಬುದು ನಿಮಗೆ ತಿಳಿಯುವುದೇ ಇಲ್ಲ. ನಾನೂ ಕೆಲವು ವರ್ಷ ದರ ಹಾಕದೆ ಇದ್ದೆ. ‘ರೇಟ್ ಎಷ್ಟು?’ ಎಂಬ ಒಂದೇ ಸಾಲಿನ ಸಂದೇಶಗಳಿಗೆ ಪುಟಗಟ್ಟಲೆ ಉತ್ತರ ಬರೆದು, ಅತ್ತಲಿಂದ ಮರುಮಾತು ಬಾರದೆ ಕಾದ ಸಂಜೆಗಳು ಅನೇಕ. ದರ ಹಾಕಿದ ಮೇಲೆ ವಿಚಾರಿಸುವವರು ಕಡಿಮೆಯಾದರು, ನಿಜ. ಆದರೆ ಬಂದವರು ದಿನಾಂಕ, ಸ್ಥಳ, ಬೇಕಾದ ಗಂಟೆಗಳ ವಿವರದೊಂದಿಗೇ ಬಂದರು.

ಪೂರ್ಣ ದರಪಟ್ಟಿಯ ಅಗತ್ಯವಿಲ್ಲ, ಆರಂಭಿಕ ದರ ಸಾಕು. ಆದರೆ ಜನರನ್ನು ಸೆಳೆಯುವುದಕ್ಕೆಂದೇ ಯಾರೂ ಆರಿಸದ ಪುಟ್ಟ ಪ್ಯಾಕೇಜಿನ ಮೊತ್ತವನ್ನು ಅಲ್ಲಿ ಹಾಕಬೇಡಿ. ಮನಶ್ಶಾಸ್ತ್ರಜ್ಞರಾದ ಅಮೋಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾನೆಮನ್ 1974ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಒಂದು ಪ್ರಯೋಗವಿದೆ. ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ಶೇಕಡಾ ಎಷ್ಟಿವೆ ಎಂದು ಕೇಳುವ ಮೊದಲು ಸಂಖ್ಯೆಗಳಿದ್ದ ಒಂದು ಚಕ್ರವನ್ನು ತಿರುಗಿಸಲಾಗುತ್ತಿತ್ತು. ಚಕ್ರ 10ಕ್ಕೆ ನಿಂತುದನ್ನು ಕಂಡವರ ಮಧ್ಯಮ ಅಂದಾಜು 25 ಇದ್ದರೆ, 65ಕ್ಕೆ ನಿಂತುದನ್ನು ಕಂಡವರದು 45 ಇತ್ತು. ಮೊದಲು ಕಂಡ ಸಂಖ್ಯೆಗೆ ವಿಷಯದೊಡನೆ ಸಂಬಂಧವೇ ಇಲ್ಲದಿದ್ದರೂ ಅದು ಮನಸ್ಸಿನಲ್ಲಿ ಹೀಗೆ ಕೂರುತ್ತದೆ. ನೀವು ತೀರಾ ಕಡಿಮೆ ಮೊತ್ತ ಬರೆದರೆ, ಮುಂದೆ ಹೇಳುವ ನ್ಯಾಯವಾದ ದರವೂ ಗ್ರಾಹಕರಿಗೆ ದುಬಾರಿಯಾಗಿಯೇ ಕಾಣುತ್ತದೆ.

ಮೊತ್ತದ ಕೆಳಗೆ ಅದರಲ್ಲಿ ಏನೇನು ಸೇರಿದೆ ಎಂಬುದನ್ನು ಬರೆಯಿರಿ: ಎಷ್ಟು ಗಂಟೆಯ ಕೆಲಸ, ಎಷ್ಟು ಮಂದಿ ಛಾಯಾಗ್ರಾಹಕರು, ಎಡಿಟ್ ಮಾಡಿದ ಚಿತ್ರಗಳು ಎಷ್ಟು, ಆಲ್ಬಂ ಉಂಟೋ ಇಲ್ಲವೋ, ಚಿತ್ರಗಳು ಯಾವಾಗ ಕೈಸೇರುತ್ತವೆ. 8 ಗಂಟೆ ಚಿತ್ರ ತೆಗೆದ ಬಳಿಕ ಆರಿಸುವುದಕ್ಕೆ, ಬಣ್ಣ ಸರಿಪಡಿಸುವುದಕ್ಕೆ, ಪ್ರತಿಗಳನ್ನು ಎರಡು ಕಡೆ ಕಾಪಿಡುವುದಕ್ಕೆ ಹಲವು ದಿನಗಳು ಬೇಕೆಂಬುದು ಹೊರಗಿನವರಿಗೆ ಕಾಣುವುದಿಲ್ಲ. ಬರೆಯಲು ಕುಳಿತಾಗ ನಿಮಗೇ ಲೆಕ್ಕ ಸಿಗದಿದ್ದರೆ, ಜಾಲತಾಣವನ್ನು ಒಂದು ವಾರ ಮುಂದೂಡಿಯಾದರೂ ಮೊದಲು ಖರ್ಚನ್ನು ಕೂಡಿಸಿ.

ಉತ್ಪನ್ನಗಳ ಕೆಲಸದಲ್ಲಿ ಬೆಲೆಯನ್ನು ನಿರ್ಧರಿಸುವುದು ಮುಖ್ಯವಾಗಿ ಬಳಕೆಯ ಹಕ್ಕು. ಒಂದೇ ಬಾಟಲಿಯ ಒಂದೇ ಚಿತ್ರ ಕಂಪನಿಯ ಪುಟದಲ್ಲಿ ಒಂದು ತಿಂಗಳು ಇರುವುದಕ್ಕೂ, ರಸ್ತೆಬದಿಯ ಫಲಕಗಳಲ್ಲಿ ಮತ್ತು ಪೊಟ್ಟಣದ ಮೇಲೆ ಐದು ವರ್ಷ ಇರುವುದಕ್ಕೂ ಒಂದೇ ದರ ಹೇಳಲಾಗದು. ಎಲ್ಲಿ, ಎಷ್ಟು ಕಾಲ ಬಳಸುತ್ತೀರಿ ಎಂಬ ವಿವರ ಕಳುಹಿಸಿದರೆ ಎರಡು ದಿನಗಳಲ್ಲಿ ಅಂದಾಜು ವೆಚ್ಚ ತಿಳಿಸುತ್ತೇವೆ ಎಂದಷ್ಟೇ ಬರೆಯಿರಿ.

ಇತರ ಛಾಯಾಗ್ರಾಹಕರ ಭಯ ಬೇಡ. ಗ್ರಾಹಕರಂತೆ ಒಂದು ಫೋನ್ ಮಾಡಿದರೆ ನಿಮ್ಮ ದರ ಅವರಿಗೆ ಇಂದೂ ಸಿಗುತ್ತದೆ. ತೆರಿಗೆ, ಪ್ರಯಾಣ ವೆಚ್ಚ ಸೇರಿದೆಯೇ ಎಂಬುದನ್ನೂ ದರ ಯಾವ ತಿಂಗಳವರೆಗೆ ಅನ್ವಯಿಸುತ್ತದೆ ಎಂಬುದನ್ನೂ ಮೊತ್ತದ ಪಕ್ಕದಲ್ಲೇ, ಅದೇ ಗಾತ್ರದ ಅಕ್ಷರಗಳಲ್ಲಿ ನಮೂದಿಸಿ.