ಈ ಸಲ ಗೊಂಬೆ ಪೆಟ್ಟಿಗೆ ಇಳಿಸಬೇಡಿ

ಸುಮಾ ಮತ್ತು ರಘು ನನ್ನ ಬಳಿ ಆಪ್ತಸಲಹೆಗೆ ಬಂದದ್ದು 2024ರ ಸೆಪ್ಟೆಂಬರ್‌ನಲ್ಲಿ. ದಸರೆಗೆ ಇನ್ನು ಹತ್ತು ಹನ್ನೆರಡು ದಿನ ಬಾಕಿ ಇತ್ತು. (ಹೆಸರುಗಳನ್ನೂ ಗುರುತು ಸಿಗುವಂಥ ವಿವರಗಳನ್ನೂ ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.) ರಘು ಮೊದಲು ಹೇಳಿದ್ದು ಮಗಳ ಹೊಟ್ಟೆನೋವಿನ ಬಗ್ಗೆ. ಆರೂವರೆ ವರ್ಷದ ಚಿನ್ನುಗೆ ಎಷ್ಟೋ ತಿಂಗಳಿಂದ ಶನಿವಾರ ಬೆಳಿಗ್ಗೆ ಹೊಟ್ಟೆ ನೋಯುತ್ತದೆ. ಮಕ್ಕಳ ಡಾಕ್ಟರು ಪರೀಕ್ಷೆ ಮಾಡಿಸಿ, ಸ್ಕ್ಯಾನ್ ಕೂಡ ಮಾಡಿಸಿ, ಏನೂ ತೊಂದರೆ ಇಲ್ಲ ಅಂದಿದ್ದಾರೆ. ಸೋಮವಾರದಿಂದ ಶುಕ್ರವಾರದವರೆಗೆ ಶಾಲೆಗೆ ಆರಾಮಾಗಿ ಹೋಗುತ್ತಾಳೆ. ಶನಿವಾರ ಬಂತೆಂದರೆ ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗುತ್ತಾಳೆ.

ಸುಮಾ ಅಷ್ಟು ಹೊತ್ತೂ ಸುಮ್ಮನಿದ್ದರು. ನೀವೇನು ಹೇಳ್ತೀರಿ ಎಂದು ಕೇಳಿದೆ.

"ನಾನು ಇವರಿಗೆ ಒಂದೇ ಮಾತು ಹೇಳಿದ್ದೀನಿ ಮೇಡಂ. ಈ ಸಲ ಅಟ್ಟದಿಂದ ಗೊಂಬೆ ಪೆಟ್ಟಿಗೆ ಇಳಿಸಬೇಡಿ. ಇಳಿಸಿದ್ರೆ ನಾನು ಮನೇಲಿರಲ್ಲ."

ಹೇಳುತ್ತಾ ಅತ್ತುಬಿಟ್ಟರು. ರಘು ಗಾಬರಿಯಾದರು. ಈ ಮಾತನ್ನು ಅವರು ಮನೆಯಲ್ಲಿ ಆಗಲೇ ಕೇಳಿದ್ದರು, ಆದರೆ ಜಗಳದ ನಡುವೆ ಬಂದ ಮಾತು ಎಂದುಕೊಂಡಿದ್ದರು.

ಸುಮಾ ಲೆಕ್ಕಪರಿಶೋಧಕರ ಆಫೀಸಿನಲ್ಲಿ ಕೆಲಸ ಮಾಡುತ್ತಾರೆ. ಟ್ಯಾಕ್ಸ್ ಆಡಿಟ್ ವರದಿ ಸಲ್ಲಿಸಲು ಸೆಪ್ಟೆಂಬರ್ 30 ಕೊನೆಯ ದಿನ. ವರ್ಷದಲ್ಲಿ ಅತಿ ಜಾಸ್ತಿ ಕೆಲಸ ಇರುವ ತಿಂಗಳು ಅದೇ. ರಾತ್ರಿ ಹತ್ತಕ್ಕೆ ಮನೆ, ಊಟ ಆದಮೇಲೆ ಮತ್ತೆ ಲ್ಯಾಪ್‌ಟಾಪ್. ಅದು ಮುಗಿಯುತ್ತಿದ್ದ ಹಾಗೇ ದಸರೆ. ರಘು ಮೈಸೂರಿನವರು, ಸಾಫ್ಟ್‌ವೇರ್ ಕೆಲಸ. ಮೂರು ತಲೆಮಾರಿನಿಂದ ಅವರ ಮನೆಯಲ್ಲಿ ಗೊಂಬೆ ಕೂರಿಸುತ್ತಾರೆ. ಒಂಬತ್ತು ಮೆಟ್ಟಿಲು, ಮೇಲೆ ಪಟ್ಟದ ಗೊಂಬೆ, ಹತ್ತು ಸಂಜೆಯೂ ಆರತಿ, ಬಂದ ಮಕ್ಕಳಿಗೆಲ್ಲ ಬಾಗಿನ. ಅತ್ತೆಗೆ ಮೆಟ್ಟಿಲು ಹತ್ತಿ ಇಳಿಯಲು ಆಗದೆ ನಾಲ್ಕು ವರ್ಷದ ಹಿಂದೆ ಪೆಟ್ಟಿಗೆಗಳು ಬೆಂಗಳೂರಿಗೆ ಬಂದವು. ಪೆಟ್ಟಿಗೆಯ ಜೊತೆ ಕೆಲಸವೂ ಬಂತು.

ಇದರ ಮೇಲೆ ಶನಿವಾರ, ಭಾನುವಾರದ ಓಡಾಟ. ಶನಿವಾರ ಎಂಟಕ್ಕೆ ಈಜು, ಹತ್ತೂವರೆಗೆ ಭರತನಾಟ್ಯ, ನಾಲ್ಕಕ್ಕೆ ಅಬಾಕಸ್. ಭಾನುವಾರ ಅಪಾರ್ಟ್‌ಮೆಂಟಿನಲ್ಲಿ ಯಾರದಾದರೂ ಮಗುವಿನ ಬರ್ತ್‌ಡೇ. ಮೂರೂವರೆ ವರ್ಷದ ಮಗ ಪುಟ್ಟನನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಇಷ್ಟಕ್ಕೂ ತಿರುಗುತ್ತಾರೆ. ಅವನ ಮಧ್ಯಾಹ್ನದ ನಿದ್ದೆ ಕಾರಿನಲ್ಲೇ.

ಎರಡನೇ ಭೇಟಿಗೆ ಚಿನ್ನುವನ್ನು ಕರೆಸಿಕೊಂಡೆ. ಕಾಗದ, ಬಣ್ಣ ಕೊಟ್ಟು ದಸರಾ ಹಬ್ಬದ ಚಿತ್ರ ಬರಿ ಪುಟ್ಟಿ ಎಂದೆ. ಮೆಟ್ಟಿಲು ಮೆಟ್ಟಿಲಾಗಿ ಗೊಂಬೆ ಬರೆದಳು. ಅದರ ಮುಂದೆ ಕಾಗದದ ಈ ತುದಿಯಿಂದ ಆ ತುದಿಗೆ ಒಂದು ದಪ್ಪ ಕೆಂಪು ಗೆರೆ ಎಳೆದಳು. ಮಕ್ಕಳ ಚಿತ್ರಕ್ಕೆ ನಾನೇ ಅರ್ಥ ಕಟ್ಟಲು ಹೋಗುವುದಿಲ್ಲ. ಅವರನ್ನೇ ಕೇಳುತ್ತೇನೆ. ಇದೇನು ಎಂದೆ.

"ಅದು ಮುಟ್ಟಬಾರದು ಗೆರೆ."

ಆಮೇಲೆ ನಿಧಾನವಾಗಿ ಒಂದು ಕಥೆ ಬಂತು. ಹಿಂದಿನ ವರ್ಷದ ದಸರೆಯಲ್ಲಿ ಒಂದು ಸಂಜೆ, ಮನೆ ತುಂಬ ನೆಂಟರಿದ್ದಾಗ, ಅವಳು ದಶಾವತಾರದ ಸೆಟ್ಟಿನಿಂದ ವಾಮನನನ್ನು ಎತ್ತಿಕೊಂಡಿದ್ದಳು. ಕೈಜಾರಿ ಬಿದ್ದು ಮಣ್ಣಿನ ಕೊಡೆ ಮುರಿಯಿತು. ಎಲ್ಲರ ಮುಂದೆ ಅಮ್ಮ ಜೋರಾಗಿ ಬೈದರು. ಅಜ್ಜಿ ಏನೂ ಅನ್ನಲಿಲ್ಲ, ಮುಖ ತಿರುಗಿಸಿದರು. ಅವತ್ತು ಶನಿವಾರ ಆಗಿತ್ತಾ ಎಂದು ಕೇಳಿದ್ದಕ್ಕೆ, "ಗೊತ್ತಿಲ್ಲ, ಡ್ಯಾನ್ಸ್ ಕ್ಲಾಸಿಂದ ಬಂದಿದ್ದೆ" ಎಂದಳು. ಅಷ್ಟರಿಂದಲೇ ಹೊಟ್ಟೆನೋವು ಬಂತು ಎಂದು ನಾನು ಹೇಳಲಾರೆ. ಆದರೆ ಈ ಮಗುವಿಗೆ ರಜೆ ಅಂದರೆ ಎಲ್ಲರಿಗೂ ಅವಸರ, ಎಲ್ಲರಿಗೂ ಸಿಟ್ಟು ಎಂದು ಮನಸ್ಸಿಗೆ ಬಂದುಬಿಟ್ಟಿತ್ತು. ಆ ಹೊಟ್ಟೆನೋವು ನಾಟಕವೂ ಅಲ್ಲ. ಹೀಗೆ ಆದಾಗ ಮಕ್ಕಳಿಗೆ ನಿಜವಾಗಿಯೂ ನೋಯುತ್ತದೆ.

ಗಂಡ ಹೆಂಡತಿಗೆ ಮನೆಗೆಲಸವೊಂದು ಕೊಟ್ಟಿದ್ದೆ. ಮೂರು ದಿನ ಇಬ್ಬರೂ ಮನೆಗಾಗಿ ಮಾಡುವ ಕೆಲಸವನ್ನು ನಿಮಿಷದ ಲೆಕ್ಕದಲ್ಲಿ ಬರೆಯಬೇಕು. ಜೊತೆಗೆ, ಚಿಕ್ಕಂದಿನ ಹಬ್ಬದ ಒಂದೇ ಒಂದು ನೆನಪು. ಕಣ್ಣು ಮುಚ್ಚಿದರೆ ಕೈಗೆ, ಮೂಗಿಗೆ ಬರುವಂಥದ್ದು.

ನಿಮಿಷದ ಪಟ್ಟಿ ನೋಡಿ ರಘು ಮುಖ ಸಣ್ಣದಾಯಿತು. ನಾನು ಅವರನ್ನು ದೂರಲಿಲ್ಲ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವವರನ್ನು ಮಾತ್ರ ಲೆಕ್ಕಕ್ಕೆ ಹಿಡಿದರೂ, ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟರೆ ಗಂಡಸರು ಕೊಟ್ಟದ್ದು 97 ನಿಮಿಷ. ಇವರ ಮನೆ ದೇಶದ ಉಳಿದ ಮನೆಗಳ ಹಾಗೇ ಇತ್ತು, ಅಷ್ಟೇ. "ಹಬ್ಬಕ್ಕೆ ನಾನೂ ಹೆಲ್ಪ್ ಮಾಡ್ತೀನಲ್ಲಾ" ಎಂದರು ರಘು. ಹೆಲ್ಪ್ ಅನ್ನುವ ಮಾತಿನಲ್ಲೇ ಕೆಲಸ ಯಾರದು ಎಂದು ತೀರ್ಮಾನ ಆಗಿರುತ್ತದೆ ಅಲ್ವಾ ಎಂದು ಕೇಳಿದೆ. ಅವರು ಒಪ್ಪಿಕೊಂಡರು.

ನೆನಪಿನ ಹಾಳೆಯಲ್ಲಿ ರಘು ಒಂಬತ್ತು ಮೆಟ್ಟಿಲಿನ ಬಗ್ಗೆ ಬರೆದಿರಲೇ ಇಲ್ಲ. ಬರೆದದ್ದು ಪಾರ್ಕಿನ ಬಗ್ಗೆ. ಹಬ್ಬಕ್ಕೆ ಒಂದು ವಾರ ಮೊದಲು ಅವರ ಅಜ್ಜಿ ಒಂದು ಹಳೇ ತಟ್ಟೆಯಲ್ಲಿ ಮಣ್ಣು ತುಂಬಿ ಕೊಡುತ್ತಿದ್ದರು. ಅದರಲ್ಲಿ ರಾಗಿ ಚೆಲ್ಲಿ ದಿನಾ ನೀರು ಚಿಮುಕಿಸುವುದು ರಘು ಕೆಲಸ. ಪಾಡ್ಯದ ಹೊತ್ತಿಗೆ ಹಸಿರು ಪೈರು. ಅದನ್ನು ಗೊಂಬೆಗಳ ಪಕ್ಕ ಇಟ್ಟು, ಮರಳಿನ ದಾರಿ ಮಾಡಿ, ಒಡೆದ ಕನ್ನಡಿ ಚೂರಿನ ಕೆರೆ ಮಾಡಿ, ಅದರ ಮೇಲೆ ಪ್ಲಾಸ್ಟಿಕ್ ಬಾತುಕೋಳಿ ಬಿಡುವುದು. "ಒದ್ದೆ ಮಣ್ಣಿನ ವಾಸನೆ" ಎಂದು ಕೊನೆಯಲ್ಲಿ ಬರೆದಿದ್ದರು.

ಸುಮಾ ಬರೆದದ್ದು ದಸರೆಯ ಬಗ್ಗೆ ಅಲ್ಲವೇ ಅಲ್ಲ. ಅವರು ಸಾಗರದ ಕಡೆಯವರು. ಅವರ ತವರಲ್ಲಿ ಗೊಂಬೆ ಕೂರಿಸುವ ಪದ್ಧತಿ ಇಲ್ಲ. ಅಲ್ಲಿ ದೊಡ್ಡದು ದಸರೆ ಮುಗಿದು ಬರುವ ಭೂಮಿ ಹುಣ್ಣಿಮೆ. ಗದ್ದೆಯಲ್ಲಿ ಭತ್ತ ಹೊಡೆ ತುಂಬಿ ನಿಂತಿರುವಾಗ ಬಸುರಿಗೆ ಸೀಮಂತ ಮಾಡಿದ ಹಾಗೆ ಭೂಮಿತಾಯಿಗೆ ಬಯಕೆ ಉಣಿಸುವ ಹಬ್ಬ. ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು ಒಣಗಿಸಿ, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ರಾತ್ರಿಯೆಲ್ಲ ಅಡುಗೆ. ಬೆಳಗಿನ ಜಾವ ಕತ್ತಲಲ್ಲೇ ದೀಪ ಹಿಡಿದು ಗದ್ದೆಗೆ ಹೋಗಿ, ಸೊಪ್ಪುಗಳನ್ನು ಬೆರೆಸಿದ ಅಂಬಲಿಯನ್ನು ಬದುವಿನುದ್ದಕ್ಕೂ ಬೀರುತ್ತಾ ಭೂಮಿತಾಯಿಯನ್ನು ಊಟಕ್ಕೆ ಕರೆಯುತ್ತಾರೆ. ಅಪ್ಪನ ಹಿಂದೆ ಬರಿಗಾಲಲ್ಲಿ ಹೋಗುತ್ತಿದ್ದದ್ದು, ಕಾಲಿಗೆ ತಾಗುವ ಇಬ್ಬನಿ, ಇಷ್ಟನ್ನು ಸುಮಾ ಎರಡು ಪುಟ ಬರೆದಿದ್ದರು.

ರಘು ಓದಿ ಮುಗಿಸಿ, "ಇದನ್ನ ನನಗೆ ಯಾವತ್ತೂ ಹೇಳಿಲ್ಲ ನೀನು" ಎಂದರು.

"ನೀವು ಕೇಳಿಲ್ಲ" ಎಂದರು ಸುಮಾ. ಕೋಪ ಇರಲಿಲ್ಲ ಆ ಮಾತಿನಲ್ಲಿ. ಮದುವೆಯಾಗಿ ಒಂಬತ್ತು ವರ್ಷ.

ನನ್ನ ಪ್ರಕಾರ ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ಸುಮಾಗೆ ಬೇಡವಾಗಿದ್ದದ್ದು ಹಬ್ಬ ಅಲ್ಲ. ಇನ್ನೊಬ್ಬರ ನೆನಪನ್ನು ತನ್ನ ಬೆನ್ನಿನ ಮೇಲೆ ಹೊತ್ತುಕೊಂಡು ಓಡುವುದು ಬೇಡವಾಗಿತ್ತು. ಅವರದ್ದೇ ನೆನಪಿಗೆ ಆ ಮನೆಯಲ್ಲಿ ಜಾಗವೇ ಸಿಕ್ಕಿರಲಿಲ್ಲ. ಕುಟುಂಬದ ರೂಢಿಗಳ ಬಗ್ಗೆ ನಡೆದ ಸುಮಾರು 50 ವರ್ಷಗಳ ಸಂಶೋಧನೆಯನ್ನು ಮನಶ್ಶಾಸ್ತ್ರಜ್ಞೆ ಬಾರ್ಬರಾ ಫೀಸ್ ಮತ್ತು ಸಂಗಡಿಗರು 2002ರಲ್ಲಿ ಒಟ್ಟಾಗಿ ಪರಿಶೀಲಿಸಿದ್ದರು. ದಿನಚರಿ ಬೇರೆ, ಆಚರಣೆ ಬೇರೆ ಎಂದು ಅವರು ಗುರುತಿಸುತ್ತಾರೆ. ಮಾಡಿ ಮುಗಿಸಿದರೆ ಮರೆತುಹೋಗುವುದು ದಿನಚರಿ. ನಾವು ಯಾರು, ನಮ್ಮ ಮನೆ ಎಂಥದ್ದು ಎಂದು ಮನಸ್ಸಿನಲ್ಲಿ ಉಳಿಸುವುದು ಆಚರಣೆ. ಸುಮಾ ಮನೆಯಲ್ಲಿ ದಸರೆ ಹತ್ತು ದಿನದ ದಿನಚರಿಯಾಗಿತ್ತು.

ನಾನು ಕೊಟ್ಟ ಸಲಹೆಯಲ್ಲಿ ಮುಖ್ಯವಾದದ್ದು ಒಂದೇ. ಯಾರ ನೆನಪೋ ಅವರ ಕೆಲಸ. ಗೊಂಬೆ ರಘು ಅವರ ಹಬ್ಬ. ಪೆಟ್ಟಿಗೆ ಇಳಿಸುವುದರಿಂದ ಹಿಡಿದು ಬಾಗಿನದ ಸಾಮಾನು ತರುವುದು, ಯಾರನ್ನು ಕರೆಯಬೇಕೆಂದು ನೆನಪಿಟ್ಟುಕೊಳ್ಳುವುದು, ವಿಜಯದಶಮಿ ಆದಮೇಲೆ ಒಂದೊಂದನ್ನೂ ಬಟ್ಟೆ ಸುತ್ತಿ ಎತ್ತಿಡುವುದು, ಎಲ್ಲಕ್ಕೂ ಅವರೇ ರಜೆ ಹಾಕಬೇಕು. ಅವರಿಂದ ಆಗುವಷ್ಟೇ ಗೊಂಬೆ. ಸುಮಾ ಬೇಕೆನಿಸಿದರೆ ಬಂದು ಕೂರಬಹುದು. ಭೂಮಿ ಹುಣ್ಣಿಮೆ ಸುಮಾ ಅವರದ್ದು, ಅವರಿಗೆ ಬೇಕಾದ ಹಾಗೆ.

ಎರಡನೆಯದು ಮುಟ್ಟಬಾರದು ಗೆರೆ. ಮೂರೇ ಮೆಟ್ಟಿಲು ಇಡಿ ಎಂದೆ. ಬೆಸ ಸಂಖ್ಯೆ ಆದರೆ ಪದ್ಧತಿಗೂ ಅಡ್ಡಿಯಿಲ್ಲ. ಮಣ್ಣಿನವು ಮೇಲೆ. ಕೆಳಗಿನ ಮೆಟ್ಟಿಲು ಪೂರ್ತಿ ಮಕ್ಕಳದ್ದು. ಅಲ್ಲಿ ಚನ್ನಪಟ್ಟಣದ ಮರದ ಗೊಂಬೆಗಳು. ಆಲೆಮರದಲ್ಲಿ ಕಡೆದು ಅರಗಿನ ಬಣ್ಣ ಹಚ್ಚಿದ ಅವು ಬಿದ್ದರೂ ಸುಲಭಕ್ಕೆ ಒಡೆಯುವುದಿಲ್ಲ. ದಿನಾ ಅವರಿಗೆ ಬೇಕಾದ ಹಾಗೆ ಜೋಡಿಸಲಿ, ಕೆಡಿಸಲಿ. ಸಾಲು ಸೊಟ್ಟಗಿದ್ದರೆ ಯಾರೂ ಸರಿಮಾಡಬಾರದು. ಸುಮಾ ಮಗಳ ಹತ್ತಿರ ಕೂತು, ಅವತ್ತು ಎಲ್ಲರ ಮುಂದೆ ಬೈದದ್ದು ತಪ್ಪಾಯಿತು ಎಂದು ಹೇಳಬೇಕು ಎಂದೆ. ಒಂದು ವರ್ಷದ ಹಿಂದಿನದು ಅವಳಿಗೆ ನೆನಪಿರುತ್ತಾ ಎಂದು ರಘು ಕೇಳಿದರು. ಚಿತ್ರ ತೋರಿಸಿದೆ.

ಶನಿವಾರದ ಮೂರು ಕ್ಲಾಸಿನಲ್ಲಿ ಒಂದನ್ನು ಉಳಿಸಿ, ಯಾವುದೆಂದು ಚಿನ್ನುವೇ ಹೇಳಲಿ ಎಂದೆ. ಅವಳು ಈಜು ಇಟ್ಟುಕೊಂಡಳು. ಭರತನಾಟ್ಯ ಬಿಟ್ಟದ್ದಕ್ಕೆ ಸುಮಾಗೆ ಬೇಸರ ಆಯಿತು, ಈಗಲೂ ಇದೆ. ನಿದ್ದೆಯ ಬಗ್ಗೆಯೂ ಸ್ವಲ್ಪ ಕಟ್ಟುನಿಟ್ಟಾಗಿ ಹೇಳಿದೆ. ಪುಟ್ಟನ ವಯಸ್ಸಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು, ಚಿನ್ನುಗೆ 9ರಿಂದ 12. ಹಬ್ಬದ ಸಂಜೆಗಳಲ್ಲಿ ಮಕ್ಕಳ ಹಟ ಜಾಸ್ತಿಯಾಗುವುದಕ್ಕೆ ಅರ್ಧ ಕಾರಣ ಇದೇ. ಎಂಟು ಗಂಟೆಗೆ ಆರತಿ ಮುಗಿಯಲಿ.

ಅತ್ತೆಯ ವಿಷಯ ಅಷ್ಟು ಸುಲಭಕ್ಕೆ ಬಗೆಹರಿಯಲಿಲ್ಲ. ಅವರಿಗೆ ಹೇಳುವುದೂ ರಘು ಕೆಲಸವೇ ಎಂದು ಮೊದಲೇ ಹೇಳಿದ್ದೆ, ಸೊಸೆ ಬಾಯಲ್ಲಿ ಬಂದರೆ ಅದು ಬೇರೆಯೇ ಮಾತಾಗುತ್ತದೆ. ರಘು ಮೈಸೂರಿಗೆ ಹೋಗಿ ಹೇಳಿದರು. ಅತ್ತೆ ನೊಂದುಕೊಂಡರು. ಹತ್ತು ಸಂಜೆಯ ಬಾಗಿನವನ್ನು ಮೂರಕ್ಕೆ ಇಳಿಸಲು ಒಪ್ಪಿದರೂ, ನಾದಿನಿಗೆ ಫೋನಿನಲ್ಲಿ, "ಈ ಸಲ ನಮ್ಮನೆ ಗೊಂಬೆ ಹೆಸರಿಗೆ ಮಾತ್ರ" ಎಂದರಂತೆ. ಅದು ಸುಮಾ ಕಿವಿಗೂ ಬಿತ್ತು. ಅವರ ನೋವು ಸುಳ್ಳಲ್ಲ ಎಂದು ನಾನು ಸುಮಾಗೆ ಹೇಳಿದೆ. ನಲವತ್ತು ವರ್ಷ ಕೈಯಾರೆ ಮಾಡಿದ್ದನ್ನು ಸಣ್ಣದು ಮಾಡುವುದನ್ನು ನೋಡುವುದು ಕಷ್ಟ. ಆ ನೋವನ್ನು ಸುಮಾ ಸರಿಪಡಿಸಬೇಕಾಗಿಲ್ಲ. ಅದಕ್ಕೆ ಎದುರು ಮಾತಾಡಬೇಕಾಗಿಯೂ ಇಲ್ಲ.

ಆಮೇಲೆ ನಡೆದದ್ದನ್ನು ನವೆಂಬರ್‌ನಲ್ಲಿ ಬಂದಾಗ ಹೇಳಿದರು. ಆ ವರ್ಷ ಆಡಿಟ್ ವರದಿಯ ಗಡುವನ್ನು ಅಕ್ಟೋಬರ್ 7ಕ್ಕೆ ಮುಂದೂಡಿದರು. ಪಾಡ್ಯ ಅಕ್ಟೋಬರ್ 3. ಅಂದರೆ ಹಬ್ಬದ ಮೊದಲ ಐದು ದಿನ ಸುಮಾ ಆಫೀಸಿನಲ್ಲೇ. ಹಿಂದಿನ ವರ್ಷ ಆಗಿದ್ದರೆ ಮನೆ ರಣರಂಗ ಆಗುತ್ತಿತ್ತು. ಈ ಸಲ ರಾತ್ರಿ ಬಂದಾಗ ಮಕ್ಕಳು ಮಲಗಿರುತ್ತಿದ್ದರು, ಕೆಳಗಿನ ಮೆಟ್ಟಿಲಲ್ಲಿ ರೈಲು ಆನೆಯ ಮೇಲೆ ಹತ್ತಿರುತ್ತಿತ್ತು. ಪಕ್ಕದಲ್ಲಿ ರಾಗಿ ಪೈರು. ಒಂದು ಮೂಲೆ ಕೊಳೆತಿತ್ತು, ಪುಟ್ಟ ಲೋಟಗಟ್ಟಲೆ ನೀರು ಸುರಿದಿದ್ದ. ಮುರಿದ ವಾಮನನಿಗೆ ಚಿನ್ನು ಬಣ್ಣದ ಕಾಗದದ ಕೊಡೆ ಮಾಡಿ ಅಂಟಿಸಿದ್ದಳು. ಅತ್ತೆ ನೋಡಿ, "ಕೊಡೆ ಸ್ವಲ್ಪ ದೊಡ್ಡದಾಯ್ತು" ಎಂದಷ್ಟೇ ಹೇಳಿದರಂತೆ.

ಭೂಮಿ ಹುಣ್ಣಿಮೆ 17ರ ಗುರುವಾರ ಬಿತ್ತು. ಊರಿಗೆ ಹೋಗುವ ಹಾಗಿರಲಿಲ್ಲ. ಹಿಂದಿನ ದಿನ ಭಾರಿ ಮಳೆಗೆ ಬೆಂಗಳೂರಿನ ಶಾಲೆಗಳಿಗೆ ರಜೆ ಕೊಟ್ಟರು. ಸುಮಾ ಮನೆಯಿಂದಲೇ ಕೆಲಸ ಮಾಡುತ್ತಾ, ಮಧ್ಯಾಹ್ನ ಒಂದು ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು ಮಕ್ಕಳ ಜೊತೆ ಚಿತ್ತಾರ ಬರೆದರು. ತವರಿಗೆ ವಿಡಿಯೊ ಕಾಲ್ ಮಾಡಿ ಅಮ್ಮನನ್ನು ಕೇಳಿ ಕೇಳಿ ಗೆರೆ ಎಳೆದರಂತೆ. ಬೆಳಗಿನ ಜಾವ ನಾಲ್ವರೂ ಕೊಡೆ ಹಿಡಿದು ಅಪಾರ್ಟ್‌ಮೆಂಟಿನ ತೋಟಕ್ಕೆ ಇಳಿದು, ಕರಿಬೇವಿನ ಗಿಡದ ಬುಡಕ್ಕೆ ಅಂಬಲಿ ಹಾಕಿ ಭೂಮಿತಾಯಿಯನ್ನು ಕರೆದರು. ಸೆಕ್ಯೂರಿಟಿಯವರು ಟಾರ್ಚ್ ಬಿಟ್ಟು ನೋಡಿ, ವಿಷಯ ಕೇಳಿ, ತಮ್ಮ ಊರಲ್ಲೂ ಇದೆ ಎಂದರಂತೆ. ರಘು ಈ ಕಥೆಯನ್ನು ಸುಮಾಗಿಂತ ಉತ್ಸಾಹದಿಂದ ಹೇಳಿದರು.

ದೀಪಾವಳಿಗೆ ಅಕ್ಟೋಬರ್ 31ರಿಂದ ನವೆಂಬರ್ 3ರವರೆಗೆ, ರಾಜ್ಯೋತ್ಸವವೂ ಸೇರಿ, ನಾಲ್ಕು ದಿನ ಸಾಲು ರಜೆ ಇತ್ತು. ರೆಸಾರ್ಟ್ ಬುಕ್ ಮಾಡಿದ್ದನ್ನು ರದ್ದು ಮಾಡಿ ಎಂದು ನಾನು ಹೇಳಿರಲಿಲ್ಲ. ಅವರೇ ಎರಡು ದಿನಕ್ಕೆ ಇಳಿಸಿ, ಎಣ್ಣೆಸ್ನಾನ ಮನೆಯಲ್ಲೇ ಮಾಡಿಕೊಂಡು ಹೋದರು.

ಚಿನ್ನುಗೆ ಈ ಎರಡು ತಿಂಗಳಲ್ಲಿ ಎರಡು ಸಲ ಹೊಟ್ಟೆ ನೋವು ಬಂದಿತ್ತು. ಒಂದು ಸಲ ಅದು ನಿಜಕ್ಕೂ ಚಕ್ಕುಲಿ ಜಾಸ್ತಿ ತಿಂದದ್ದಕ್ಕೆ. ಹೀಗಿರುವ ಬೇರೆ ಮಕ್ಕಳ ಅಪ್ಪ ಅಮ್ಮಂದಿರಿಗೆ ಒಂದು ಮಾತು: ಇಂಥ ನೋವಿಗೆ ಮೊದಲು ಡಾಕ್ಟರರನ್ನೇ ನೋಡಿ. ನೋವು ನಿದ್ದೆಯಿಂದ ಎಬ್ಬಿಸುತ್ತಿದ್ದರೆ, ಜ್ವರ, ವಾಂತಿ ಇದ್ದರೆ, ತೂಕ ಇಳಿಯುತ್ತಿದ್ದರೆ ಆಪ್ತಸಲಹೆಗೆಂದು ಕಾಯಬೇಡಿ.

ಮುಂದಿನ ಭೇಟಿ 2025ರ ಜನವರಿ ಮೊದಲ ವಾರಕ್ಕೆ ಇಟ್ಟುಕೊಂಡೆವು. ಸಂಕ್ರಾಂತಿಗೆ ಎಷ್ಟು ಮನೆಗೆ ಎಳ್ಳು ಬೀರಬೇಕು, ಸಕ್ಕರೆ ಅಚ್ಚು ಯಾರು ಮಾಡಬೇಕು ಎಂಬುದರ ಬಗ್ಗೆ ಅತ್ತೆ ಆಗಲೇ ಫೋನ್ ಮಾಡಿದ್ದರಂತೆ. ಈ ಸಲ ಫೋನ್ ಬಂದದ್ದು ರಘುಗೆ.